ಸೆಕ್ಷನ್ ಬಾಯಿಪಾಠ ಆಗಿದೆ, ಮೊದಲ ಮಾತು ಏನು ಆಡಲಿ?

ಪ್ರಶ್ನೆ: ಮೇಡಂ, ನಾನು ತಾಲ್ಲೂಕು ಠಾಣೆಯೊಂದರಲ್ಲಿ ಹೆಡ್ ಕಾನ್‌ಸ್ಟೇಬಲ್. ಮಹಿಳಾ ಸಹಾಯ ಡೆಸ್ಕ್‌ಗೆ ಹಾಕಿದ್ದಾರೆ. ಎರಡು ದಿನ ತರಬೇತಿ ಆಯ್ತು, ಹೊಸ ಸೆಕ್ಷನ್‌ಗಳನ್ನೆಲ್ಲ ಬರೆದುಕೊಂಡು ಬಂದೆ. ಮೊನ್ನೆ ರಾತ್ರಿ ಒಬ್ಬ ಹುಡುಗಿ ಬಂದು ಎದುರಿಗೆ ಕೂತಳು. ಅರ್ಧ ಗಂಟೆ ಮಾತೇ ಆಡಲಿಲ್ಲ. ನನಗೂ ಏನು ಕೇಳಬೇಕೋ ತೋಚಲಿಲ್ಲ. ಕೊನೆಗೆ ಅತ್ಯಾಚಾರ ಆಗಿದ್ದು ಪಕ್ಕದ ಜಿಲ್ಲೆಯಲ್ಲಿ ಅಂತ ಗೊತ್ತಾಯ್ತು. ಠಾಣೆಯ ಬರವಣಿಗೆ ನೋಡಿಕೊಳ್ಳುವ ರೈಟರ್ 'ನಮ್ಮ ಲಿಮಿಟ್ಸ್ ಅಲ್ಲ, ಅಲ್ಲಿಗೇ ಕಳಿಸಿ' ಅಂದರು, ಕಳಿಸಿಬಿಟ್ಟೆ. ಅವತ್ತಿನಿಂದ ನಿದ್ದೆ ಇಲ್ಲ.

ಉತ್ತರ: ರೈಟರ್ ಹೇಳಿದ್ದು ತಪ್ಪು. 2024ರ ಜುಲೈ 1ರಿಂದ ಬಂದಿರುವ ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದದ್ದು) 173ನೇ ಸೆಕ್ಷನ್ ಪ್ರಕಾರ ಅಪರಾಧ ಎಲ್ಲೇ ಆಗಿರಲಿ, ಬಂದ ಠಾಣೆಯಲ್ಲೇ ದೂರು ಬರೆದುಕೊಳ್ಳಬೇಕು. ಜೀರೋ ಎಫ್‌ಐಆರ್, ಅಂದರೆ ಸೊನ್ನೆ ನಂಬರಿನ ಎಫ್‌ಐಆರ್ ಮಾಡಿ ಆಮೇಲೆ ಅಪರಾಧ ನಡೆದ ಕಡೆಯ ಠಾಣೆಗೆ ಕಳಿಸೋದು. ಹೋಗಬೇಕಾದ್ದು ಕಾಗದ, ಹುಡುಗಿ ಅಲ್ಲ. ಇಂಥ ದೂರು ಬರೆದುಕೊಳ್ಳದಿದ್ದರೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ, ಹಳೇ ಐಪಿಸಿ ಜಾಗಕ್ಕೆ ಬಂದದ್ದು) 199ರ ಪ್ರಕಾರ ಕನಿಷ್ಠ 6 ತಿಂಗಳು, ಹೆಚ್ಚೆಂದರೆ 2 ವರ್ಷ ಕಠಿಣ ಸಜೆ, ಅದೂ ಪೊಲೀಸರಿಗೇ. ಇದನ್ನು ರೈಟರ್ ಹತ್ತಿರ ಜಗಳ ಆಡಿ ಹೇಳಬೇಡಿ, ಟೀ ಕುಡಿಯುವಾಗ ಹೇಳಿ, ಜಾಸ್ತಿ ನಾಟುತ್ತದೆ. ಹುಡುಗಿ ತಲುಪಿದಳಾ ಅಂತ ಇವತ್ತೇ ಆ ಠಾಣೆಗೆ ಕೇಳಿ, ಇಲ್ಲ ಅಂದರೆ ಸಾಹೇಬರ ಗಮನಕ್ಕೆ ತನ್ನಿ. ಅವಳ ನಂಬರ್ ಇದ್ದರೆ ನೀವೇ ಮಾಡಿ, ಬೇರೆಯವರು ಎತ್ತಿದರೆ ಮಾತ್ರ 'ಸ್ಟೇಷನ್‌ನಿಂದ' ಅನ್ನಬೇಡಿ.

ಇನ್ನು ಮೊದಲ ಮಾತು. ನಾನು ತರಬೇತಿಗೆ ಹೋದಾಗ ಒಂದು ಆಟ ಆಡಿಸುತ್ತೇನೆ. ಯಾರಿಗೂ ಹೇಳದ ಒಂದು ಸಂಕಟವನ್ನು ಚೀಟಿಯಲ್ಲಿ ಬರೆಯಿರಿ ಅನ್ನುತ್ತೇನೆ. ಎಲ್ಲ ಮುಗಿಸಿದ ಮೇಲೆ, 'ಈಗ ಒಬ್ಬೊಬ್ಬರೇ ಎದ್ದು ಓದಿ' ಅನ್ನುತ್ತೇನೆ. ಅಷ್ಟು ಹೊತ್ತು ನಗುತ್ತಾ ಇದ್ದ ಕ್ಲಾಸು ತಣ್ಣಗಾಗುತ್ತದೆ, ಒಬ್ಬರು ಚೀಟಿ ಮಡಚಿ ಜೇಬಿಗೆ ಹಾಕುತ್ತಾರೆ, ಇನ್ನೊಬ್ಬರು ಟಾಯ್ಲೆಟ್‌ಗೆ ಎದ್ದು ಹೋಗುತ್ತಾರೆ. ಓದಿಸೋದಿಲ್ಲ ಬಿಡಿ, ಹರಿದು ಹಾಕಿ ಅನ್ನುತ್ತೇನೆ. ಆ ಹುಡುಗಿಗೆ ಹರಿದು ಹಾಕುವ ಅವಕಾಶ ಇಲ್ಲ, ಅಲ್ವಾ? ಅದಕ್ಕೇ ಅರ್ಧ ಗಂಟೆ ಸುಮ್ನೆ ಕೂತಿದ್ದಳು.

ಮೊದಲು ಜಾಗ ನೋಡಿ. ಒಂದು ಠಾಣೆಯಲ್ಲಿ ಡೆಸ್ಕನ್ನು ಬಾಗಿಲ ಹತ್ತಿರ ಸೆಂಟ್ರಿ ಪಕ್ಕದಲ್ಲೇ ಹಾಕಿದ್ದರು, ಮೇಲೆ ಚೆಂದದ ಗುಲಾಬಿ ಬೋರ್ಡು ಬೇರೆ. ಪಾಸ್‌ಪೋರ್ಟ್ ವೆರಿಫಿಕೇಷನ್‌ಗೆ ಬಂದವರೆಲ್ಲ ಅಲ್ಲೇ ನಿಂತು ಕೇಳುತ್ತಿದ್ದರು. ಬೇರೆ ರೂಮಿಗೆ ಕರೆದುಕೊಂಡು ಹೋಗಿ, ನೀರು ಕೊಡಿ, 'ಗಾಯ ಆಗಿದೆಯಾ? ಮನೆಗೆ ಹೋದರೆ ಭಯ ಇದೆಯಾ?' ಅಂತ ಕೇಳಿ. ಯಾಕೆ ಹೋದೆ, ಯಾಕೆ ಕೂಗಲಿಲ್ಲ, ಇಷ್ಟು ದಿನ ಯಾಕೆ ಸುಮ್ಮನಿದ್ದೆ, ಈ ಮೂರು 'ಯಾಕೆ' ಬೇಡವೇ ಬೇಡ.

ಇಂಥ ಹೇಳಿಕೆ ಬರೆದುಕೊಳ್ಳಬೇಕಾದ್ದು ಮಹಿಳಾ ಅಧಿಕಾರಿ ಅಂತ ಕಾನೂನೇ ಹೇಳುತ್ತದೆ. ಬರೆಯುವಾಗ ನಮ್ಮ ಠಾಣೆ ಕನ್ನಡ ಸ್ವಲ್ಪ ಬದಿಗಿಡಿ. 'ಸದರಿ ಆರೋಪಿಯು ಅವಾಚ್ಯ ಶಬ್ದಗಳಿಂದ ನಿಂದಿಸಿ' ಅಂತ ಎಲ್ಲ ಕೇಸಿಗೂ ಒಂದೇ ಸಾಲು ಬರೆಯುತ್ತೇವೆ. ಅವನು ಏನಂದ ಅಂತ ಅವಳು ಹೇಳಿದಳೋ ಅದನ್ನೇ ಬರೆಯಿರಿ, ಎಷ್ಟೇ ಕೆಟ್ಟ ಮಾತಾಗಿರಲಿ. ಎರಡು ವರ್ಷ ಆದಮೇಲೆ ಕೋರ್ಟಿನಲ್ಲಿ ವಕೀಲರು 'ಇದು ದೂರಿನಲ್ಲಿ ಇಲ್ಲವಲ್ಲ' ಅನ್ನುತ್ತಾರೆ, ಅವಳು ಹೇಳಿರುತ್ತಾಳೆ, ನಾವು ಬರೆದಿರುವುದಿಲ್ಲ. ಓದಿ ಹೇಳಿ, ಸಹಿ ತಗೊಳ್ಳಿ, ಎಫ್‌ಐಆರ್ ಕಾಪಿ ಪುಕ್ಕಟೆ ಕೈಗೆ ಕೊಡಿ.

ಪ್ರಶ್ನೆ: ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ನಾನು. ಅತ್ಯಾಚಾರಕ್ಕೆ ಒಳಗಾದವರು ಪೊಲೀಸ್ ಲೆಟರ್ ಇಲ್ಲದೆ ಬಂದರೆ ಡ್ಯೂಟಿ ಡಾಕ್ಟರ್ ನೋಡುವುದಿಲ್ಲ. ಸ್ನಾನ ಮಾಡಿ ಬಂದಿದ್ದರೆ ಪ್ರಯೋಜನವಿಲ್ಲ ಅಂತಾರೆ. ನಿಜವಾ?

ಉತ್ತರ: ಎರಡೂ ನಿಜ ಅಲ್ಲ. ಲೆಟರ್ ಆಮೇಲೆ ಬರಲಿ. ಬಿಎನ್‌ಎಸ್‌ಎಸ್ 397 ಸರ್ಕಾರಿ, ಖಾಸಗಿ ಎಲ್ಲ ಆಸ್ಪತ್ರೆಗೂ ಅನ್ವಯಿಸುತ್ತದೆ. ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕು, ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಕೆಲಸ. ಸ್ನಾನ ಮಾಡಿದ್ದರೂ ಆರೋಗ್ಯ ಇಲಾಖೆಯ 2014ರ ಕೇಂದ್ರ ಮಾರ್ಗಸೂಚಿ ಪ್ರಕಾರ ಘಟನೆ ಆದ 96 ಗಂಟೆಯೊಳಗೆ ಬಂದರೆ ಸ್ವಾಬ್ (ಹತ್ತಿ ಕಡ್ಡಿಯಲ್ಲಿ ಒರೆಸಿ ತೆಗೆಯುವ ಮಾದರಿ) ತೆಗೆಯಬೇಕು. ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು, ಅದಕ್ಕೇ ವಾಪಸ್ ಕಳಿಸಿದರೆ ಕಷ್ಟ. ಅವಳ ಒಪ್ಪಿಗೆ ಇಲ್ಲದೆ ಪರೀಕ್ಷೆ ಇಲ್ಲ. ಎರಡು ಬೆರಳಿನ ಪರೀಕ್ಷೆ (ಹಿಂದೆ ಲೈಂಗಿಕ ಸಂಬಂಧ ಇತ್ತಾ ಅಂತ ಗುಪ್ತಾಂಗದೊಳಗೆ ಬೆರಳು ಹಾಕಿ ನೋಡುವುದು) ಯಾರಾದರೂ ಮಾಡಿದರೆ ದುರ್ನಡತೆ ಅಂತ 2022ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಹೇಳಿದೆ, ನಿಮ್ಮಲ್ಲಿ ಹಳೇ ಫಾರಂನಲ್ಲಿ ಆ ಕಾಲಂ ಇದ್ದರೆ ಇವತ್ತೇ ತೆಗೆಸಿ. ಬಟ್ಟೆ ಒದ್ದೆ ಇದ್ದರೆ ನೆರಳಲ್ಲಿ ಒಣಗಿಸಿ ಒಂದೊಂದನ್ನೂ ಬೇರೆ ಬೇರೆ ಕಾಗದದ ಕವರಿಗೆ ಹಾಕಿ. ಪ್ಲಾಸ್ಟಿಕ್ ಬೇಡ, ಒಳಗೇ ಕೊಳೆತುಹೋಗುತ್ತದೆ. ಅವಳು ಮನೆಗೆ ಹೋಗಲು ಬೇರೆ ಬಟ್ಟೆ ಬೇಕಲ್ಲ, ವಾರ್ಡಿನಲ್ಲಿ ಒಂದೆರಡು ನೈಟಿ ತೆಗೆದಿಟ್ಟಿರಿ.