ಸಮಗ್ರ ಪ್ರಶಸ್ತಿಯ ಲೆಕ್ಕಾಚಾರ: ಮೈಸೂರಿನ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ವಯಸ್ಕರ ಹವ್ಯಾಸಿ ಈಜುಕೂಟಗಳಲ್ಲಿ, ಅಂದರೆ ಮಾಸ್ಟರ್ಸ್ ಸ್ಪರ್ಧೆಗಳಲ್ಲಿ, ಸಮಗ್ರ ತಂಡ ಪ್ರಶಸ್ತಿಯು ಅತಿ ಹೆಚ್ಚು ಜನರನ್ನು ಕರೆತಂದ ಕ್ಲಬ್ಬಿಗೇ ಹೋಗುತ್ತದೆಂದೂ, ಹನ್ನೆರಡು ಮಂದಿಯ ನಿಮ್ಮ ತಂಡ ಎಷ್ಟು ಚೆನ್ನಾಗಿ ಈಜಿದರೂ ಪಟ್ಟಿಯಲ್ಲಿ ಕೆಳಗೇ ಉಳಿಯುತ್ತದೆಂದೂ ಬರೆದಿದ್ದೀರಿ. ಒಟ್ಟು ಅಂಕಗಳನ್ನು ಈಜುಗಾರರ ಸಂಖ್ಯೆಯಿಂದ ಭಾಗಿಸಿ, ಬಂದ ಸರಾಸರಿಯ ಮೇಲೆ ಪ್ರಶಸ್ತಿ ಕೊಡಬೇಕೆಂಬುದು ನಿಮ್ಮ ಸಲಹೆ. ಹಿರಿಯ ವಯೋವರ್ಗಗಳಲ್ಲಿ ಒಬ್ಬರೇ ಈಜಿ ಗೆದ್ದ ಚಿನ್ನಕ್ಕೂ ಪೂರ್ಣ ಅಂಕ ಕೊಡುವುದು ಸರಿಯೇ ಎಂದೂ, ಪದಕಗಳ ಸಂಖ್ಯೆ ಅತಿಯಾಗಲಿಲ್ಲವೇ ಎಂದೂ ಕೇಳಿದ್ದೀರಿ. ನಿಮ್ಮ ದೂರನ್ನು ಒಪ್ಪುತ್ತೇನೆ. ನೀವು ಸೂಚಿಸಿದ ಪರಿಹಾರವನ್ನು ಒಪ್ಪಲಾರೆ.

ದೂರು ನ್ಯಾಯವಾದದ್ದೆನ್ನಲು ಸಾಮಾನ್ಯ ಗುಣಾಕಾರವೇ ಸಾಕು. ಎಂಟು ಲೇನ್‌ಗಳ ಕೊಳದಲ್ಲಿ ರೂಢಿಯಲ್ಲಿರುವ ಒಂದು ಕ್ರಮದಂತೆ ಮೊದಲ ಸ್ಥಾನದಿಂದ ಎಂಟನೆಯದರವರೆಗೆ 9, 7, 6, 5, 4, 3, 2, 1 ಅಂಕಗಳಿರುತ್ತವೆ. ರಿಲೇಗೆ ಇದರ ಇಮ್ಮಡಿ. ನಿಮ್ಮ 12 ಮಂದಿ ತಲಾ 4 ಸ್ಪರ್ಧೆಗಳಿಗೆ ಇಳಿದು ಎಲ್ಲವನ್ನೂ ಗೆದ್ದರೂ, ರಿಲೇ ಹೊರತುಪಡಿಸಿ, ಸಿಗುವುದು 432 ಅಂಕ. 60 ಮಂದಿಯ ಕ್ಲಬ್ಬಿನವರು ತಲಾ 4 ಸ್ಪರ್ಧೆಗಳಲ್ಲಿ ನಾಲ್ಕನೆಯ ಸ್ಥಾನವನ್ನಷ್ಟೇ ಪಡೆದರೂ ಅವರ ಖಾತೆಗೆ 1,200 ಸೇರುತ್ತದೆ. ಒಂದೂ ಸ್ಪರ್ಧೆಯಲ್ಲಿ ಸೋಲದ ತಂಡ ಒಂದನ್ನೂ ಗೆಲ್ಲದ ತಂಡದ ಮುಂದೆ ಸೋಲುತ್ತದೆಂದರೆ, ಆ ಪಟ್ಟಿ ಅಳೆಯುತ್ತಿರುವುದು ಹಾಜರಿಯನ್ನು.

ಆದರೆ ಈ ಕ್ರೀಡೆಯಲ್ಲಿ ಹಾಜರಿ ಕ್ಷುಲ್ಲಕವೇನೂ ಅಲ್ಲ. 1970ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಅಮರಿಲ್ಲೊ ನಗರದಲ್ಲಿ ಮೊದಲ ಮಾಸ್ಟರ್ಸ್ ಕೂಟ ನಡೆದಾಗ, ಅದರ ಹಿಂದಿದ್ದ ನೌಕಾಪಡೆಯ ವೈದ್ಯ ರ‍್ಯಾನ್ಸಮ್ ಆರ್ಥರ್ ಅವರ ಉದ್ದೇಶ, ಸ್ಪರ್ಧೆಯ ನೆಪದಲ್ಲಾದರೂ ವಯಸ್ಕರು ಕೊಳಕ್ಕೆ ಮರಳಿ ಆರೋಗ್ಯವಾಗಿರಲಿ ಎಂಬುದಾಗಿತ್ತು. 1986ರಲ್ಲಿ ಟೋಕಿಯೊದಲ್ಲಿ ಆರಂಭವಾದ ವಿಶ್ವ ಮಾಸ್ಟರ್ಸ್ ಚಾಂಪಿಯನ್‌ಷಿಪ್‌ನಲ್ಲಿಯೂ ಈಜುಗಾರರು ಹೆಸರು ನೋಂದಾಯಿಸುವುದು ಕ್ಲಬ್ಬಿನ ಪರವಾಗಿಯೇ ಹೊರತು ದೇಶದ ಪರವಾಗಿ ಅಲ್ಲ. ಅರುವತ್ತು ವಯಸ್ಕರನ್ನು ಬೆಳಗಿನ ಜಾವ ನೀರಿಗಿಳಿಸುವ ಕ್ಲಬ್ಬು ಮಾನ್ಯತೆಗೆ ಅರ್ಹವಾದ ಕೆಲಸವನ್ನೇ ಮಾಡುತ್ತಿದೆ.

ಸರಾಸರಿಯ ಲೆಕ್ಕ ಕೆಡುವುದು ಇಲ್ಲಿಯೇ. ಎಲ್ಲವನ್ನೂ ಗೆದ್ದ ನಿಮ್ಮ ತಂಡದ ಸರಾಸರಿ 36. ಈಗಷ್ಟೇ ಈಜು ಕಲಿತ 68 ವರ್ಷದ ಸದಸ್ಯೆಯೊಬ್ಬರು ಹದಿಮೂರನೆಯವರಾಗಿ ಸೇರಿ, ಒಟ್ಟು 4 ಅಂಕ ತಂದರೆನ್ನಿ. ತಂಡದ ಮೊತ್ತ 436ಕ್ಕೆ ಏರಿದರೂ ಸರಾಸರಿ 33.5ಕ್ಕೆ ಇಳಿಯುತ್ತದೆ, 34 ಇರುವ ಎದುರಾಳಿ ಟ್ರೋಫಿ ಒಯ್ಯುತ್ತಾನೆ. ಮುಂದಿನ ಕೂಟಕ್ಕೆ ಆ ಹಿರಿಯರ ಹೆಸರನ್ನು ಕಳಿಸಲು ನಾಯಕ ಹಿಂಜರಿದರೆ ಅವನನ್ನು ದೂರುವಂತಿಲ್ಲ, ನಿಯಮವೇ ಹಾಗೆ ಹೇಳಿಕೊಟ್ಟಿರುತ್ತದೆ. ಯಾರಿಗಾಗಿ ಈ ಕ್ರೀಡೆ ಹುಟ್ಟಿತೋ ಅವರನ್ನೇ ಮನೆಯಲ್ಲಿ ಕೂರಿಸುವ ಲೆಕ್ಕಕ್ಕಿಂತ ಈಗಿನ ಅನ್ಯಾಯವೇ ವಾಸಿ.

ನನಗೆ ಸರಿಯೆನಿಸುವುದು ತಂಡಗಳನ್ನು ಗಾತ್ರದಂತೆ ಸಣ್ಣ, ಮಧ್ಯಮ, ದೊಡ್ಡವೆಂದು ವಿಂಗಡಿಸಿ, ಪ್ರತಿ ಗುಂಪಿನೊಳಗೆ ಒಟ್ಟು ಅಂಕಗಳಿಗೇ ಪ್ರಶಸ್ತಿ ಕೊಡುವ ಕ್ರಮ. ಇದರಲ್ಲಿಯೂ ಒಂದು ಎಚ್ಚರ ಅಗತ್ಯ. ಹದಿನೈದರವರೆಗೆ ಸಣ್ಣ ತಂಡವೆಂದು ಮೊದಲೇ ಸಾರಿದರೆ ಹದಿನಾರನೆಯವರನ್ನು ಕೈಬಿಡುವ ಚಾಣಾಕ್ಷರು ಹುಟ್ಟಿಕೊಳ್ಳುತ್ತಾರೆ. ಆದ್ದರಿಂದ ಪ್ರವೇಶ ಮುಗಿದ ಮೇಲೆಯೇ ಕ್ಲಬ್ಬುಗಳನ್ನು ಸದಸ್ಯರ ಸಂಖ್ಯೆಯಂತೆ ಸಾಲಾಗಿ ಬರೆದು, ಆ ಸಾಲನ್ನು ಮೂರು ಭಾಗ ಮಾಡಿ, ಮೊದಲ ಶಿಳ್ಳೆಗೆ ಮುನ್ನ ಪ್ರಕಟಿಸಬೇಕು.

ರಿಲೇ ವಿಷಯದಲ್ಲಿ ಸಣ್ಣ ತಂಡಗಳಿಗೆ ಈಗಾಗಲೇ ಒಂದು ಅನುಕೂಲವಿದೆ. ಅಂತರರಾಷ್ಟ್ರೀಯ ನಿಯಮದಲ್ಲಿ ನಾಲ್ವರ ವಯಸ್ಸಿನ ಮೊತ್ತವೇ ವರ್ಗವನ್ನು ನಿರ್ಧರಿಸುತ್ತದೆ: 100ರಿಂದ 119, 120ರಿಂದ 159, 160ರಿಂದ 199, ಹೀಗೆ. 28, 41, 55, 63 ವರ್ಷದವರು ಸೇರಿದರೆ 187 ಆಗಿ ಒಳ್ಳೆಯ ತಂಡವೇ ಸಿದ್ಧವಾಗುತ್ತದೆ. ಒಂದು ವರ್ಗದಲ್ಲಿ ಒಂದು ಕ್ಲಬ್ಬಿನ ಒಂದೇ ರಿಲೇಗೆ ಅಂಕ ಎಂಬ ಮಿತಿಯನ್ನೂ ಸಂಘಟಕರು ಹಾಕಿದರೆ, ಇಮ್ಮಡಿ ಅಂಕಗಳ ರಾಶಿ ದೊಡ್ಡ ಕ್ಲಬ್ಬಿನತ್ತಲೇ ಹರಿಯುವುದು ನಿಲ್ಲುತ್ತದೆ.

ಒಬ್ಬರೇ ಈಜಿದವರ ಚಿನ್ನದ ಬಗ್ಗೆ ನಿಮ್ಮ ಆಕ್ಷೇಪಣೆಯನ್ನು ನಾನು ಒಪ್ಪುವುದಿಲ್ಲ. ಎಂಬತ್ತು ದಾಟಿದವರು 200 ಮೀಟರ್ ಬಟರ್‌ಫ್ಲೈ ಮುಗಿಸಿದಾಗ ಪಕ್ಕದ ಲೇನ್ ಖಾಲಿಯಿದ್ದುದು ಅವರ ತಪ್ಪಲ್ಲ. ಪದಕವೂ ಇರಲಿ, ಅಂಕವೂ ಇರಲಿ. ವಯಸ್ಸಿನ ಭೇದವನ್ನು ದಾಟಿ ಹೋಲಿಸಲೇಬೇಕೆಂದರೆ, ಆಯಾ ವಯೋವರ್ಗದ ದಾಖಲೆಯನ್ನು ಈಜಿದ ಸಮಯದಿಂದ ಭಾಗಿಸಿ, ಬಂದದ್ದನ್ನು ಘನ ಮಾಡಿ, ಸಾವಿರದಿಂದ ಗುಣಿಸಬಹುದು. ದಾಖಲೆ 50 ಸೆಕೆಂಡ್ ಇದ್ದು ನೀವು 60ರಲ್ಲಿ ಮುಗಿಸಿದರೆ ಸುಮಾರು 579 ಅಂಕ. ಅತಿ ಹಿರಿಯ ವರ್ಗಗಳಲ್ಲಿ ಈಜಿದವರೇ ಕಡಿಮೆಯಾದ್ದರಿಂದ ದಾಖಲೆಗಳೂ ಕೆಲವೊಮ್ಮೆ ಸಡಿಲವಾಗಿರುತ್ತವೆ. ಹೀಗಾಗಿ ಈ ಸೂತ್ರ ಕೂಟದ ಶ್ರೇಷ್ಠ ಈಜುಗಾರರನ್ನು ಆರಿಸಲು ಸಾಕು, ತಂಡ ಪ್ರಶಸ್ತಿಗೆ ಬೇಡ.

ಇನ್ನು ಪದಕಗಳ ಖರ್ಚು. 25ರಿಂದ 80ರವರೆಗೆ ಐದೈದು ವರ್ಷಕ್ಕೊಂದರಂತೆ, 80 ದಾಟಿದವರೆಲ್ಲರನ್ನೂ ಒಂದಾಗಿ ಸೇರಿಸಿ, 12 ವರ್ಗಗಳಾದರೆ, ಪುರುಷ ಮತ್ತು ಮಹಿಳೆಯರಿಗೆ ತಲಾ ಮೂರರಂತೆ ಒಂದೇ ಸ್ಪರ್ಧೆಗೆ 72 ಪದಕ ಬೇಕಾಗಬಹುದು. ಹೊರೆಯೇನೋ ನಿಜ. ಪದಕದ ಮೇಲೆ ಇಸವಿ, ಸ್ಪರ್ಧೆಗಳ ಹೆಸರು ಅಚ್ಚು ಹಾಕಿಸದೆ ಹಿಂಬದಿಗೆ ಚೀಟಿ ಅಂಟಿಸಿದರೆ ಉಳಿದವು ಮುಂದಿನ ವರ್ಷಕ್ಕೂ ಆಗುತ್ತವೆ. ಅಷ್ಟಕ್ಕೂ ಹಣ ಸಾಲದಿದ್ದರೆ ಸಂಘಟಕರು ಸಮಗ್ರ ಟ್ರೋಫಿಯ ಎತ್ತರವನ್ನು ತಗ್ಗಿಸಲಿ. ಅದೇ ಹಣದಲ್ಲಿ ಮೂರು ಗುಂಪುಗಳಿಗೂ ಒಂದೊಂದು ಸಣ್ಣ ಟ್ರೋಫಿ ಬರುತ್ತದೆ.

— ಸಂಪಾದಕ