ಎರಡನೇ ತರಗತಿಯ ಮಗುವಿನ ಹೋಮ್‌ವರ್ಕ್ ಹೆತ್ತವರಿಗೇ ಅರ್ಥವಾಗದಿದ್ದರೆ ಏನು ಮಾಡುವುದು?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮಗಳು ತಂದ ವರ್ಕ್‌ಶೀಟಿನ ಮುಂದೆ ಗಂಡ ಹೆಂಡತಿ ಇಬ್ಬರೂ ಮುಕ್ಕಾಲು ಗಂಟೆ ಕುಳಿತರೂ ಏನು ಬರೆಯಬೇಕೆಂದು ತಿಳಿಯಲಿಲ್ಲ, ಮಗು ಅಳತೊಡಗಿತು, ಕೊನೆಗೆ ನೀವೇ ಏನೋ ಒಂದನ್ನು ಹೇಳಿ ಬರೆಸಿ ಕಳುಹಿಸಿದಿರಿ, ಮರುದಿನ ಅದಕ್ಕೆ ಕೆಂಪು ಶಾಯಿಯ ತಪ್ಪು ಗುರುತು ಬಿತ್ತು. ಇಂಥದ್ದನ್ನು ನಾವೇ ಮಾಡಿಕೊಡಬೇಕೇ, ಟೀಚರನ್ನು ಕೇಳಿದರೆ ಬೇಸರಪಟ್ಟುಕೊಳ್ಳುತ್ತಾರೆಯೇ, ಅಥವಾ ನಮ್ಮ ಮಗುವೇ ಮಂದವೇ ಎಂದು ಕೇಳಿದ್ದೀರಿ. ಹನ್ನೊಂದು ವರ್ಷ ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಪಾಠ ಮಾಡಿದವಳಾಗಿ, ಅಂಥ ಗೊಂದಲದ ಹಾಳೆಗಳನ್ನು ಸ್ವತಃ ತಯಾರಿಸಿದವಳಾಗಿ ಉತ್ತರಿಸುತ್ತಿದ್ದೇನೆ. ಕೊನೆಯ ಪ್ರಶ್ನೆಗೆ ಮೊದಲು: ಇಲ್ಲ. ಹಾಗೆ ಶಂಕಿಸಲು ನೀವು ಬರೆದಿರುವುದರಲ್ಲಿ ಒಂದು ಕಾರಣವೂ ನನಗೆ ಕಾಣಲಿಲ್ಲ.

ಚಿಕ್ಕ ತರಗತಿಯ ಹಾಳೆ ಮನೆಗೆ ಬರುವಾಗ ಅದರ ಅರ್ಧ ಭಾಗ ತರಗತಿಯಲ್ಲೇ ಉಳಿದಿರುತ್ತದೆ. ಟೀಚರ್ ಬೆಳಿಗ್ಗೆ ಹಲಗೆಯ ಮೇಲೆ ಎರಡು ಲೆಕ್ಕ ಬಿಡಿಸಿ ತೋರಿಸಿರುತ್ತಾರೆ, ಮಣಿಗಳನ್ನು ಹತ್ತತ್ತರ ಗುಂಪು ಮಾಡಿಸಿರುತ್ತಾರೆ, ಮನೆಯಲ್ಲೂ ಹೀಗೇ ಮಾಡಿ ಎಂದಿರುತ್ತಾರೆ. ಹಾಳೆಯ ಮೇಲೆ ಮಾತ್ರ ‘ಮಾದರಿಯಂತೆ ಪೂರ್ಣಗೊಳಿಸಿ’ ಎಂಬ ಎರಡೇ ಪದಗಳು. ಆ ಮಾದರಿ ಇದ್ದದ್ದು ಹಲಗೆಯ ಮೇಲೆ, ಅದು ಮುಂದಿನ ಪೀರಿಯಡ್‌ಗೆ ಅಳಿಸಿಹೋಯಿತು. ಬರೆದವರಿಗೆ ತಮ್ಮ ಸೂಚನೆ ಅಪೂರ್ಣವೆಂದು ತೋಚುವುದಿಲ್ಲ, ಏಕೆಂದರೆ ಉಳಿದದ್ದು ಅವರ ತಲೆಯಲ್ಲಿದೆ. ಅದರ ಮೇಲೆ ಒಂದೇ ಸಾಲಿನಲ್ಲಿ ನಾಲ್ಕು ಕೆಲಸ ಹೇಳುವ ಅಭ್ಯಾಸ ನಮಗೆಲ್ಲ ಇತ್ತು: ‘ಓದಿ, ಸರಿಯಾದುದಕ್ಕೆ ವೃತ್ತ ಹಾಕಿ, ಬಣ್ಣ ತುಂಬಿ, ಕೆಳಗೆ ಹೆಸರು ಬರೆಯಿರಿ.’ ಆ ವಯಸ್ಸಿನ ಮಗು ಒಂದು ಹೊತ್ತಿಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬಲ್ಲದ್ದು ದೊಡ್ಡವರಿಗಿಂತ ಬಹಳ ಕಡಿಮೆ, ಮೂರನೆಯ ಕೆಲಸಕ್ಕೆ ಬರುವಷ್ಟರಲ್ಲಿ ಮೊದಲನೆಯದು ಜಾರಿರುತ್ತದೆ. ಬಣ್ಣದ ಪೆನ್ಸಿಲ್ ಕೈಗೆ ಬಂದ ಮೇಲಂತೂ ಕೇಳುವುದೇ ಬೇಡ.

ನನ್ನದೇ ಒಂದು ಹಾಳೆಯ ವಿಚಾರ ಹೇಳುತ್ತೇನೆ. ಹಸು, ಕೋಳಿ, ನಾಯಿ, ಬೆಕ್ಕು, ಈ ನಾಲ್ಕರ ಚಿತ್ರ ಕೊಟ್ಟು ‘ಗುಂಪಿಗೆ ಸೇರದ್ದನ್ನು ಗುರುತಿಸಿ’ ಎಂದು ಬರೆದಿದ್ದೆ. ಎರಡು ಕಾಲಿನದು ಕೋಳಿ ಒಂದೇ, ಹಾಗಾಗಿ ಉತ್ತರ ಕೋಳಿ ಎಂಬುದು ನನ್ನ ಲೆಕ್ಕ. ಒಬ್ಬ ಹುಡುಗ ಬೆಕ್ಕಿಗೆ ವೃತ್ತ ಹಾಕಿದ್ದ. ತಪ್ಪು ಹಾಕುವ ಮೊದಲು, ಅದೇನು ಪುಣ್ಯವೋ, ಅವನನ್ನು ಕರೆದು ಏಕೆಂದು ಕೇಳಿದೆ. ‘ಬೆಕ್ಕು ಮಾತ್ರ ಹಾಸಿಗೆ ಮೇಲೆ ಮಲಗುತ್ತೆ ಮಿಸ್’ ಎಂದ. ಇನ್ನೊಬ್ಬಳು ಹಸುವನ್ನು ಆರಿಸಿದ್ದಳು, ಕೊಂಬಿರುವುದು ಅದಕ್ಕೊಂದಕ್ಕೇ. ಇಬ್ಬರೂ ಗುಂಪು ಮಾಡುವುದನ್ನು ಚೆನ್ನಾಗಿ ಕಲಿತಿದ್ದರು, ಕಲಿಯಬೇಕಾದದ್ದೂ ಅಷ್ಟೇ ಆಗಿತ್ತು. ಪ್ರಶ್ನೆಗೆ ಒಂದೇ ಉತ್ತರವಿದೆ ಎಂದು ನಂಬಿದ್ದವಳು ನಾನು. ಹಿಂದಿನ ವರ್ಷಗಳಲ್ಲಿ ಅದೇ ಹಾಳೆಯಲ್ಲಿ ಎಷ್ಟು ಬೆಕ್ಕುಗಳಿಗೆ ಕೆಂಪು ಗೆರೆ ಎಳೆದಿದ್ದೆನೋ, ಆ ಲೆಕ್ಕ ನನ್ನಲ್ಲಿಲ್ಲ.

ಅಕ್ಷರ ಕಲಿಸುವ ಹಾಳೆಗಳಲ್ಲಿಯೂ ಇದೇ ಕಥೆ. ಚಿತ್ರ ನೋಡಿ ಮೊದಲ ಅಕ್ಷರ ಬರೆಯಿರಿ ಎಂದಿರುತ್ತದೆ. ಚಿತ್ರದಲ್ಲಿ ಒಂದು ಕಾಂಡ, ಅದರ ಮೇಲೊಂದಿಷ್ಟು ಎಲೆ. ನಮಗೆ ಬೇಕಿದ್ದದ್ದು ‘ಗಿಡ’ದ ‘ಗಿ’, ಮಗು ಬರೆದದ್ದು ‘ಮರ’ದ ‘ಮ’. ಜೆರಾಕ್ಸಿನ ಜೆರಾಕ್ಸ್ ಆದ ಆ ಕಪ್ಪು ಮಚ್ಚೆಯನ್ನು ಗಿಡವೆಂದು ಗುರುತಿಸಲು ಸ್ವತಃ ಚಿತ್ರಕಾರನಿಗೂ ಆಗುತ್ತಿರಲಿಲ್ಲ.

ವಾಕ್ಯರೂಪದ ಲೆಕ್ಕಗಳಲ್ಲಿ ಗೊಂದಲ ಬೇರೆ ರೀತಿಯದು. ‘ರವಿಯ ಬಳಿ 8 ಗೋಲಿಗಳಿವೆ. ಅವು ಸೀತೆಯ ಬಳಿ ಇರುವುದಕ್ಕಿಂತ 3 ಹೆಚ್ಚು. ಸೀತೆಯ ಬಳಿ ಎಷ್ಟಿವೆ?’ ಎಂಬುದನ್ನು ನೋಡಿ. ‘ಹೆಚ್ಚು’ ಎಂಬ ಪದ ಕಂಡೊಡನೆ ಕೂಡಬೇಕು ಎಂದು ಮಗು ಕಲಿತಿರುತ್ತದೆ, ಕೆಲವೊಮ್ಮೆ ನಾವೇ ಹಾಗೆ ಹೇಳಿಕೊಟ್ಟಿರುತ್ತೇವೆ. ಇಲ್ಲಿ ಕಳೆಯಬೇಕು. 11 ಎಂದು ಬರೆದ ಮಗುವಿಗೆ ಕಳೆಯಲು ಬರುವುದಿಲ್ಲವೆಂದು ತೀರ್ಮಾನಿಸಬೇಡಿ. ಎಂಟು ಗೋಲಿಗಳನ್ನು ಅದರ ಮುಂದಿಟ್ಟು, ಸೀತೆಯ ಕೈಯಲ್ಲಿರುವುದು ಇದಕ್ಕಿಂತ ಜಾಸ್ತಿಯೋ ಕಡಿಮೆಯೋ ಎಂದು ಮಾತ್ರ ಕೇಳಿ. ಬಹುಪಾಲು ಮಕ್ಕಳು ಅಲ್ಲಿಂದ ಮುಂದೆ ತಾವೇ ಹೋಗುತ್ತಾರೆ.

ಇದು ನಿಮ್ಮ ಮನೆಯೊಂದರ ಸಮಸ್ಯೆಯಲ್ಲ ಎಂಬುದಕ್ಕೆ 2015ರಲ್ಲಿ ಅಮೆರಿಕದಲ್ಲಿ ದೊಡ್ಡ ಚರ್ಚೆಗೆ ಕಾರಣವಾದ ಒಂದು ಉತ್ತರಪತ್ರಿಕೆ ಸಾಕು. ಮೂರನೇ ತರಗತಿಯ ಮಗುವಿಗೆ 5 × 3 ಎಂಬುದನ್ನು ಪುನರಾವರ್ತಿತ ಸಂಕಲನದಿಂದ ಬಿಡಿಸಲು ಹೇಳಿದ್ದರು. ಮಗು 5 + 5 + 5 = 15 ಎಂದು ಬರೆಯಿತು, ಅಂಕ ಕಳೆದರು; 3 + 3 + 3 + 3 + 3 ಎಂದು ಬರೆಯಬೇಕಿತ್ತಂತೆ, ಅಂದರೆ ಮೂರರ ಐದು ಗುಂಪು. ಐದರ ಮಗ್ಗಿ ಹೇಳಿ ಬೆಳೆದ ನಮಗೆ ಮಗುವಿನ ಉತ್ತರವೇ ಸಹಜ, ಮಗ್ಗಿಯ ಪ್ರತಿ ಸಾಲಿನಲ್ಲೂ ಸೇರುತ್ತಾ ಹೋಗುವುದು ಐದು ತಾನೇ. ಗುಂಪು ಎಷ್ಟು, ಪ್ರತಿ ಗುಂಪಿನಲ್ಲಿ ಎಷ್ಟು ಎಂಬ ಭೇದವನ್ನು ಕಲಿಸುವುದರಲ್ಲಿ ಹುರುಳಿದೆ, ಆದರೆ ತರಗತಿಯಲ್ಲಿ ಒಪ್ಪಿಕೊಂಡ ಓದುವ ಕ್ರಮವನ್ನು ಹಾಳೆಯಲ್ಲಿ ತಿಳಿಸದೆ ಅದಕ್ಕೆ ಅಂಕ ಕಳೆಯುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಮಾಡಿಕೊಡಬೇಕೇ ಎಂಬ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬೇಡ. ಗೊತ್ತಿಲ್ಲದ್ದಕ್ಕೂ ಏನಾದರೊಂದು ಬರೆದು ಖಾಲಿ ಜಾಗ ತುಂಬಬೇಕೆಂಬ ಪಾಠವನ್ನು ಮಕ್ಕಳು ನಮಗೆ ತಿಳಿಯದಂತೆಯೇ ಕಲಿತುಬಿಡುತ್ತಾರೆ. 1979ರ ಸುಮಾರಿಗೆ ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಗಣಿತ ಬೋಧನೆಯ ಸಂಶೋಧಕರು ಪ್ರಾಥಮಿಕ ಶಾಲೆಯ 97 ಮಕ್ಕಳಿಗೆ ಒಂದು ಲೆಕ್ಕ ಕೊಟ್ಟರು: ಹಡಗಿನಲ್ಲಿ 26 ಕುರಿ, 10 ಆಡುಗಳಿವೆ, ಕಪ್ತಾನನ ವಯಸ್ಸೆಷ್ಟು? ಅವರಲ್ಲಿ 76 ಮಕ್ಕಳು ಆ ಎರಡು ಸಂಖ್ಯೆಗಳಿಂದಲೇ ಒಂದು ವಯಸ್ಸನ್ನು ಹೊರಡಿಸಿ ಬರೆದರು. ದಡ್ಡತನದಿಂದ ಅಲ್ಲ; ಶಾಲೆಯ ಹಾಳೆಯಲ್ಲಿ ಬಂದ ಪ್ರಶ್ನೆಗೆ ಉತ್ತರ ಇದ್ದೇ ಇರುತ್ತದೆಂಬ ನಂಬಿಕೆಯಿಂದ. ‘ಈ ಪ್ರಶ್ನೆ ನನಗೆ ಅರ್ಥವಾಗಲಿಲ್ಲ’ ಎಂದು ಹೇಳುವ ಧೈರ್ಯ ಎರಡನೇ ತರಗತಿಯಲ್ಲೇ ಉಳಿದುಕೊಂಡರೆ ಅಷ್ಟೇ ಲಾಭ.

ಹಾಗಾಗಿ ಮುಂದಿನ ಸಲ ಹಾಳೆ ನಿಮಗೆ ಅರ್ಥವಾಗದಿದ್ದರೆ ಅದನ್ನು ಬಿಡಿಸಲು ಕೂರದೆ, ಇದನ್ನು ಕ್ಲಾಸಿನಲ್ಲಿ ಹೇಗೆ ಮಾಡಿದಿರಿ, ನೀನೇ ಮಿಸ್ ಆಗಿ ನನಗೆ ತೋರಿಸು ಎಂದು ಮಗಳಿಗೆ ಹೇಳಿ. ನೀವು ನೇರವಾಗಿ ಕೇಳಿದರೆ ‘ಗೊತ್ತಿಲ್ಲ’ ಎನ್ನುವ ಮಗು ತಾನು ಮಿಸ್ ಆದಾಗ ಸೀಮೆಸುಣ್ಣದ ಸಮೇತ ಎಲ್ಲವನ್ನೂ ನೆನಪಿಸಿಕೊಳ್ಳುತ್ತದೆ. ಅದೂ ಫಲಿಸದಿದ್ದರೆ, ಇಪ್ಪತ್ತು ನಿಮಿಷದ ಮೇಲೆ ಮುಂದುವರಿಸದೆ ನಿಲ್ಲಿಸಿ, ಹಾಳೆಯ ಬದಿಯಲ್ಲಿ ಪೆನ್ಸಿಲ್‌ನಿಂದ ಬರೆಯಿರಿ: ‘ಮೂರನೆಯ ಪ್ರಶ್ನೆಯಲ್ಲಿ ಗುಂಪು ಮಾಡಬೇಕೋ ಎಣಿಸಬೇಕೋ ತಿಳಿಯಲಿಲ್ಲ. ಎಣಿಸಬೇಕೆಂದುಕೊಂಡು ಒಂದನ್ನು ಮಾಡಿದ್ದಾಳೆ, ಉಳಿದದ್ದನ್ನು ಬಿಟ್ಟಿದ್ದೇವೆ.’ ಇಷ್ಟು ಸಾಕು, ದೂರಿನ ಧಾಟಿ ಬೇಡ. ಅಂಥ ಎರಡು ಸಾಲು ನನಗೆ ಬಂದಾಗಲೆಲ್ಲ ನನಗೆ ಬೇಸರಕ್ಕಿಂತ ಉಪಕಾರವೇ ಆಗಿದೆ, ಏಕೆಂದರೆ ಒಂದು ಮನೆಯಿಂದ ಚೀಟಿ ಬಂದಿತೆಂದರೆ ಇನ್ನೂ ಹತ್ತು ಮನೆಗಳಲ್ಲಿ ಅದೇ ರಗಳೆ ನಡೆದಿದೆ ಎಂದು ಅರ್ಥ. ಬೇಸರಪಟ್ಟುಕೊಳ್ಳುವ ಟೀಚರ್ ಇಲ್ಲವೆಂದು ನಾನು ಹೇಳಲಾರೆ. ಇದ್ದರೂ ಚೀಟಿ ಬರೆಯುವುದನ್ನು ನಿಲ್ಲಿಸಬೇಡಿ.

ಹೋಮ್‌ವರ್ಕ್ ಬಿಟ್ಟರೆ ಮಗು ಹಿಂದೆ ಬೀಳುತ್ತದೆಂಬ ಭಯವಿದ್ದರೆ, ಈ ವಿಷಯದ ಅಧ್ಯಯನಗಳನ್ನೆಲ್ಲ 1989ರಲ್ಲೊಮ್ಮೆ, ಸಹೋದ್ಯೋಗಿಗಳೊಂದಿಗೆ 2006ರಲ್ಲಿ ಮತ್ತೊಮ್ಮೆ ಒಟ್ಟುಮಾಡಿ ನೋಡಿದ ಅಮೆರಿಕದ ಮನೋವಿಜ್ಞಾನಿ ಹ್ಯಾರಿಸ್ ಕೂಪರ್ ಕಂಡದ್ದನ್ನು ನೆನಪಿಡಿ: ಹೋಮ್‌ವರ್ಕಿಗೂ ಕಲಿಕೆಯ ಮಟ್ಟಕ್ಕೂ ಇರುವ ನಂಟು ಪ್ರೌಢಶಾಲೆಯಲ್ಲಿ ಸ್ಪಷ್ಟವಾಗಿದೆ, ಪ್ರಾಥಮಿಕ ತರಗತಿಗಳಲ್ಲಿ ತೀರಾ ದುರ್ಬಲ. ಒಂದು ಹಾಳೆ ಅರ್ಧಕ್ಕೆ ನಿಂತರೆ ಮುಳುಗಿಹೋಗುವಂಥದ್ದೇನೂ ಇಲ್ಲ.

ಆ ಕೆಂಪು ಗುರುತಿನ ಹಾಳೆ ನಿಮ್ಮ ಬಳಿ ಇನ್ನೂ ಇದ್ದರೆ ನಾಳೆಯೇ ಅದನ್ನು ಟೀಚರ್‌ಗೆ ತೋರಿಸಿ, ಈ ಉತ್ತರ ಮಗಳದಲ್ಲ, ನಮ್ಮದು ಎಂದು ಹೇಳಿಬಿಡಿ. ಸದ್ಯಕ್ಕೆ ಅವರು ಆ ತಪ್ಪನ್ನು ಅವಳ ತಪ್ಪೆಂದೇ ತಿಳಿದಿದ್ದಾರೆ, ಬಹುಶಃ ಅವಳಿಗೆ ಅದೇ ಪಾಠವನ್ನು ಇನ್ನೊಮ್ಮೆ ಹೇಳಿಕೊಡುತ್ತಲೂ ಇರಬಹುದು.