ಕ್ಯೂಆರ್ ಕಿತ್ತವರಿಗೆ ಪಾಠ ಹೇಳಬೇಡಿ

ಪ್ರಶ್ನೆ: ನಮ್ಮ ಬೀದಿಯ ಕಾಂಡಿಮೆಂಟ್ಸ್‌ನವರು ಕ್ಯೂಆರ್ ಕೋಡ್ ತೆಗೆದು ‘ನಗದು ಮಾತ್ರ’ ಅಂತ ಬೋರ್ಡ್ ಹಾಕಿದ್ದಾರೆ. ಹೊಸ ತಂತ್ರಜ್ಞಾನವೇ ಬೇಡ ಅನ್ನುವ ಇಂಥ ಲಡ್ಡೈಟ್‌ಗಳಿಗೆ ಡಿಜಿಟಲ್ ಜ್ಞಾನ ಕೊಡುವುದು ಹೇಗೆ?

ಉತ್ತರ: ಜನ ತಂತ್ರಜ್ಞಾನವನ್ನು ಯಾಕೆ ಬೇಡ ಅನ್ನುತ್ತಾರೆ ಅನ್ನೋದೇ ನನ್ನ ಸಂಶೋಧನೆ. ಆದರೆ ನನಗೆ ಬರುವ ಪತ್ರಗಳಲ್ಲೆಲ್ಲ ‘ಹೇಗೆ ಕಲಿಸೋದು’ ಅನ್ನುವ ಆತುರವೇ ಜಾಸ್ತಿ. ಅವರನ್ನು ಒಂದು ಮಾತು ಕೇಳಿದ್ದೀರಾ? ವರ್ಷಗಟ್ಟಲೆ ಕ್ಯೂಆರ್ ಇಟ್ಟು ವ್ಯಾಪಾರ ಮಾಡಿದವರು ಅವರು. ಬಳಸೋಕೆ ಬಾರದೆ ತೆಗೆದದ್ದಲ್ಲ, ಬಳಸಿ ನೋಡಿಯೇ ತೆಗೆದದ್ದು.

2025ರ ಜುಲೈ ನೆನಪಿದೆಯಾ? ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ತರಿಸಿಕೊಂಡು ಟೀ ಅಂಗಡಿ, ಬೇಕರಿ, ಕಾಂಡಿಮೆಂಟ್ಸ್‌ನವರಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಅದೂ 2021–22ರಿಂದ ಹಿಡಿದು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದದ್ದು 29 ಲಕ್ಷ ರೂಪಾಯಿಯ ನೋಟಿಸ್. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಖಾತೆಗೆ ದುಡ್ಡು ಬಂದದ್ದಷ್ಟೇ ಕಂಪ್ಯೂಟರಿಗೆ ಕಾಣುತ್ತದೆ. ಅದು ಬದನೆಕಾಯಿ ಮಾರಿದ್ದೋ, ಭಾವಮೈದುನ ವಾಪಸ್ ಕೊಟ್ಟ ಕೈಸಾಲವೋ, ಅದಕ್ಕೇನು ಗೊತ್ತು? ಅಂಗಡಿಯವರಿಗೆ ಯುಪಿಐ ಮೇಲೆ ಸಿಟ್ಟಿರಲಿಲ್ಲ. ಬರೀ ದುಡ್ಡು ತರುವ ಆಳು ಅಂದುಕೊಂಡಿದ್ದರು, ನೋಡಿದರೆ ಅದು ಬೇರೆಯವರಿಗೆ ಲೆಕ್ಕ ಒಪ್ಪಿಸುವ ಗುಮಾಸ್ತ. ಸ್ಟಿಕ್ಕರ್ ಕಿತ್ತರು. ಜುಲೈ 25ಕ್ಕೆ ಬಂದ್ ಕರೆದರು. ನೋಂದಣಿ ಮಾಡಿಸಿದರೆ ಹಳೇ ಬಾಕಿ ಕೇಳುವುದಿಲ್ಲ ಅಂತ ಮುಖ್ಯಮಂತ್ರಿ ಹೇಳಿದ ಮೇಲೆ ಬಂದ್ ಬಿಟ್ಟರು. ಇದು ಅಜ್ಞಾನದ ಹಾಗೆ ಕಾಣುತ್ತದಾ?

ಇನ್ನು ಲಡ್ಡೈಟ್ ಅನ್ನುವ ನಿಮ್ಮ ಬೈಗುಳ. 1811ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸುತ್ತ ಯಂತ್ರ ಒಡೆದವರು ಅವರು. ಕಾಲುಚೀಲ ಹೆಣೆಯುವ ಆ ಯಂತ್ರ ಬಂದು ಆಗಲೇ 200 ವರ್ಷ ಆಗಿತ್ತು. ಅವರ ಹೊಟ್ಟೆಪಾಡೂ ಅದೇ. ಕೂಲಿ ಇಳಿಸಿ ಕಳಪೆ ಮಾಲು ತೆಗೆಯುವ ಮಾಲೀಕರ ಯಂತ್ರಗಳನ್ನೇ ಹುಡುಕಿ ಒಡೆದರು. ಅದಕ್ಕೆ 1812ರಲ್ಲಿ ಸರ್ಕಾರ ಗಲ್ಲು ಶಿಕ್ಷೆಯ ಕಾನೂನು ತಂದಿತು. ಪದ ಬಳಸುವಾಗ ಸ್ವಲ್ಪ ನೋಡಿಕೊಳ್ಳಿ.

ಹಾಗಂತ, ನಗದಿಗೆ ಮರಳಿದರೆ ತೆರಿಗೆ ತಪ್ಪುತ್ತದೆ ಅನ್ನುವ ಯೂಟ್ಯೂಬ್ ಪಂಡಿತರನ್ನೂ ನಂಬಬೇಡಿ. ವರ್ಷದ ವಹಿವಾಟು ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ ಬೇಕು. ನಗದೂ ಅದರಲ್ಲಿ ಸೇರುತ್ತದೆ. ನಿಮ್ಮ ಅಂಗಡಿಯವರಿಗೆ ಬೇಕಾದ್ದು ನಿಯತ್ತಿನ ಒಬ್ಬ ಲೆಕ್ಕಿಗ, ನಿಮ್ಮ ಪಾಠ ಅಲ್ಲ.

ಪ್ರಶ್ನೆ: ವಿಕಿರಣ ತಡೆಯುವ ಸ್ಟಿಕ್ಕರನ್ನು ಮೊಬೈಲ್ ಹಿಂದೆ ಅಂಟಿಸಬಹುದಾ?

ಉತ್ತರ: ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ. ಅಗ್ಗ.

ಪ್ರಶ್ನೆ: ಹಳೇ ಪದ್ಧತಿಯಲ್ಲೇ ಬಾಳುವ ಅಮೆರಿಕದ ಕ್ರೈಸ್ತ ಪಂಗಡ ಅಮಿಶ್ ಜನ ಫೋನೇ ಮುಟ್ಟುವುದಿಲ್ಲವಂತೆ?

ಉತ್ತರ: ಮುಟ್ಟುತ್ತಾರೆ. ಎಷ್ಟೋ ಕಡೆ ಮನೆಯೊಳಗೆ ಇಡುವುದಿಲ್ಲ, ಅಷ್ಟೆ. ಹೊರಗೆ ಪೆಟ್ಟಿಗೆ ಅಂಗಡಿಯಷ್ಟು ಗೂಡು ಕಟ್ಟಿ, ನಾಲ್ಕಾರು ಮನೆಗೆ ಒಂದು ಅಂತ ಇಟ್ಟುಕೊಳ್ಳುತ್ತಾರೆ.

ಪ್ರಶ್ನೆ: ನೀವು ಯುಪಿಐ ಬಳಸುತ್ತೀರಾ?

ಉತ್ತರ: ಬಳಸುತ್ತೇನೆ. ಎಳನೀರಿನವರ ಹತ್ತಿರ ಹೋಗುವಾಗ ಮಾತ್ರ ಜೇಬಿನಲ್ಲಿ ಚಿಲ್ಲರೆ ಇರುತ್ತದೆ.